ನಲವತ್ತೇಳರ ಅಣ್ಣ

ಮುಕ್ದಾಹಾನ್
ಸೆಪ್ಟೆಂಬರ್ ೧೭, ಬುಧವಾರ

ಬಾಗಿಲಿಗೆ ನೇತುಬಿದ್ದ ಚೀಲಗಳಿಂದ ಮಾತ್ರ ನನ್ನನ್ನು ಬಲ್ಲ ರಿನ್ ಮಗಳಿಗೆ,

ಊಟ ಸರಿಯಾಗಿ ಮಾಡುತ್ತಿದ್ದೀಯಾ ಎಂದು ಕೇಳಿದರೆ ನೀನು ಹೂಂ ಎನ್ನುತ್ತೀಯ. ನಾನು ನಂಬುವುದಿಲ್ಲ. ಆದ್ದರಿಂದ ಕೇಳುವುದಿಲ್ಲ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಉಳಿಯುತ್ತದೋ ಇಲ್ಲವೋ. ಜೂನ್ ತಿಂಗಳಿಂದ ಪ್ರತಿ ಶುಕ್ರವಾರ ನಿನ್ನ ಹಾಸ್ಟೆಲ್ ಕೋಣೆಯ ಬಾಗಿಲಿಗೆ ಒಣಬಾಳೆ, ಎಲೆಕಡುಬು, ಹುರಿದ ಮೀನಿನ ಪೊಟ್ಟಣ ಇವನ್ನೆಲ್ಲ ಚೀಟಿ ಇಟ್ಟು ಕಳಿಸುತ್ತಿದ್ದವರು ನಿನ್ನ ನಂಬರಣ್ಣ ಅಲ್ಲ. ಅವನ ತಾಯಿ, ನಾನು. ನಿನ್ನ ಅಣ್ಣ ಖೆಮ್ ಕಳೆದ ಅಕ್ಟೋಬರಿನಲ್ಲಿ ತೀರಿಕೊಂಡ. ನೀನು ಈ ಕಾಲೇಜಿಗೆ ಅರ್ಜಿ ಹಾಕುವ ಮೊದಲೇ ಅವನು ಇರಲಿಲ್ಲ.

ಬರೆದೆ. ಈಗ ಸ್ವಲ್ಪ ನೀರು ಕುಡಿದು ಬರುತ್ತೇನೆ.

ಈ ನಂಬರಣ್ಣನ ಪದ್ಧತಿ ನನಗೆ ಗೊತ್ತಾದದ್ದೇ ಖೆಮ್ ನಿನ್ನ ಹಾಗೆ ಮೊದಲ ವರ್ಷಕ್ಕೆ ಸೇರಿದಾಗ. ಎರಡನೇ ವಾರವೋ ಏನೋ ಫೋನ್ ಮಾಡಿ, "ಅಮ್ಮಾ, ನಂಗೊಬ್ಬ ಅಣ್ಣ ಸಿಕ್ಕಿದಾನೆ" ಎಂದ. ಯಾರೋ ಅದು ಎಂದರೆ, "ಯಾರು ಅಂತ ಹೇಳಲ್ಲ. ಮೇಲಿನ ವರ್ಷದಲ್ಲಿ ನಲವತ್ತೇಳನೇ ನಂಬರ್ ಯಾರದ್ದೋ ಅವನು. ನನ್ನದೂ ನಲವತ್ತೇಳು ತಾನೇ. ತಿಂಡಿ ಕಳಿಸ್ತಾನೆ, ಹಳೇ ಪ್ರಶ್ನೆಪತ್ರಿಕೆ ಕಳಿಸ್ತಾನೆ, ಜೊತೆಗೆ ಒಂದೊಂದು ಸುಳಿವು ಕಳಿಸ್ತಾನೆ. ನಾವು ಕಂಡುಹಿಡೀಬೇಕು. ಆಮೇಲೆ ಒಂದಿನ ಎಲ್ಲರ ಮುಂದೆ ಬಂದು ಕೈಗೆ ದಾರ ಕಟ್ಟಿ, ನಾನೇ ಕಣೋ ಅಂತಾನೆ" ಎಂದ. ಅವನು ಒಬ್ಬನೇ ಮಗ. ಅಣ್ಣ ಬೇಕು ಅಣ್ಣ ಬೇಕು ಎಂದು ಚಿಕ್ಕವನಿದ್ದಾಗ ನನ್ನ ಪ್ರಾಣ ತಿಂದಿದ್ದ. "ನೋಡು, ನನ್ನಿಂದ ಆಗದೇ ಇದ್ದದ್ದು ನಿಮ್ಮ ಕಾಲೇಜಿಂದ ಆಯ್ತಲ್ಲ" ಎಂದು ನಾನು ನಕ್ಕಿದ್ದೆ.

ಆ ಅಣ್ಣನೇ ಪೊಂಗ್. ಈಗ ಮೂರನೇ ವರ್ಷ. ನಿನ್ನ ಬಾಗಿಲಿಗೆ ಚೀಲ ನೇತುಹಾಕಿ ಓಡಿಹೋಗುತ್ತಿದ್ದವನು ಅವನು. ಅವನ ಮೇಲೆ ಸಿಟ್ಟಾಗಬೇಡ. ನಾನು ಗೋಗರೆದು ಮಾಡಿಸಿದ್ದು.

ಜೂನ್ ಕೊನೆಯಲ್ಲಿ ಪೊಂಗ್ ನಮ್ಮ ಮನೆಗೆ ಬಂದಿದ್ದ. ಮಗ ಹೋದ ಮೇಲೆ ಎರಡು ತಿಂಗಳಿಗೊಮ್ಮೆಯಾದರೂ ಬಸ್ಸು ಹತ್ತಿ ಬರುತ್ತಾನೆ, ಬಂದವನು ನನ್ನ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಟ್ಟು ಹೋಗುತ್ತಾನೆ. ಎಣ್ಣೆ ಹೆಚ್ಚಾಗಿ ಎಷ್ಟು ಬಿಳಿ ಶರಟು ಕಲೆಯಾಗಿವೆಯೋ. ಅವತ್ತು ಎಣ್ಣೆ ಬಿಡುತ್ತಲೇ ಹೇಳಿದ, "ಅಮ್ಮಾ, ಈ ವರ್ಷದ ನಲವತ್ತೇಳು ಬಂದಿದಾಳೆ. ಹುಡುಗಿ, ಲೋಯಿ ಕಡೆಯವಳು. ಅವಳ ಮೇಲೆ ಯಾರೂ ಇಲ್ವಲ್ಲ, ಇದನ್ನ ನಡೆಸೋ ಸಮಿತಿಯವರು ನಲವತ್ತಾರರ ಸಾಲಿಗೆ ಸೇರಿಸ್ತಾರಂತೆ."

"ಹಂಗಂದ್ರೆ ಖೆಮ್ ಜಾಗದಲ್ಲಿ ಏನು ಹಾಕ್ತಾರೆ?" ಎಂದು ಕೇಳಿದೆ.

"ಏನೂ ಹಾಕಲ್ಲ ಅಮ್ಮಾ. ಪ್ರೋಗ್ರಾಮಿಂಗಲ್ಲಿ ಮಾಡ್ತೀವಲ್ಲ, ಸಾಲಾಗಿ ನೋಡ್ಕೊಂಡು ಹೋಗೋದು, ಒಂದು ಮನೆ ಖಾಲಿ ಇದ್ರೆ ಬಿಟ್ಟು ಮುಂದಿನದಕ್ಕೆ ಹೋಗೋದು. ಹಂಗೇ."

ಪಾಪ, ಅವನಿಗೆ ತಿಳಿದದ್ದನ್ನು ಹೇಳಿದ. ನನಗೆ ಮಾತ್ರ ಮೈ ಉರಿದುಹೋಯಿತು. ನನ್ನ ಮಗ ಖಾಲಿ ಮನೆಯೇ? ಅಲ್ಲೇ ನಿಂತು ಹೇಳಿದೆ, ಆ ಹುಡುಗಿಗೆ ಅಣ್ಣ ಇದ್ದಾನೆ, ತಿಂಡಿ ಇವತ್ತಿಂದ ನಾನು ಮಾಡಿ ಬಸ್ಸಿಗೆ ಹಾಕುತ್ತೇನೆ, ನೀನು ನೇತುಹಾಕು, ಬೇರೆ ಯಾರಾದರೂ ಬಾಯಿಬಿಟ್ಟರೆ ಅವರ ಸಮವಸ್ತ್ರದ ಪ್ಯಾಂಟು ಈ ಜನ್ಮದಲ್ಲಿ ಸರಿಯಾಗಿ ಕೂರದ ಹಾಗೆ ಹೊಲಿದುಕೊಡುತ್ತೇನೆ ಎಂದೆ. ಪೊಂಗ್ ಸಮಿತಿಯವರ ಕೈಕಾಲು ಹಿಡಿದ. ದಾರ ಕಟ್ಟುವ ದಿನದವರೆಗೆ ಸುಮ್ಮನಿರುತ್ತೇವೆ, ಆವತ್ತು ಮಾತ್ರ ಹುಡುಗಿಗೆ ನಿಜವಾದ ಒಬ್ಬರು ಬೇಕು ಎಂದರಂತೆ. ನಾನು ಆ ದಿನದ ಬಗ್ಗೆ ಯೋಚಿಸಲೇ ಇಲ್ಲ. ಸೆಪ್ಟೆಂಬರ್ ಎಲ್ಲೋ ದೂರದಲ್ಲಿತ್ತು.

ನನಗೆ ಶುಕ್ರವಾರ ಬಂತು ಎಂದರೆ ಸಂಭ್ರಮ. ಬುಧವಾರವೇ ಬಾಳೆಎಲೆ ತರುತ್ತಿದ್ದೆ. ಖೆಮ್‌ನ ಅಪ್ಪ ನೋಡಿಯೂ ನೋಡದವರ ಹಾಗೆ ಇದ್ದು, ಎಲೆಯ ನಾರು ಮಾತ್ರ ತಾವೇ ಸೀಳಿ ಇಡುತ್ತಿದ್ದರು. ಸುಳಿವಿನ ಚೀಟಿ ಬರೆಯುವುದಂತೂ ನನಗೆ ಹಬ್ಬವಾಗಿತ್ತು. ನಿನ್ನ ಅಣ್ಣನಿಗೆ ಕೊತ್ತಂಬರಿ ಸೊಪ್ಪು ಕಂಡರೆ ಆಗದು. ನಿನ್ನ ಅಣ್ಣ ಹಾಡಿದರೆ ಬೀದಿನಾಯಿ ಎದ್ದು ಹೋಗುತ್ತದೆ. ನಿನ್ನ ಅಣ್ಣನಿಗೆ ಬಲಗಡೆ ಬೈತಲೆ. ಎಲ್ಲವೂ ಹಾಗೇ ಬರೆದೆ, ಇರುವವನ ಬಗ್ಗೆ ಬರೆಯುವ ಹಾಗೆ. ಬರೆಯುವಷ್ಟು ಹೊತ್ತು ಅವನು ಕಾಲೇಜಿನಲ್ಲಿ ಇದ್ದ.

ನೀನೂ ಖಾಲಿ ಚೀಲದಲ್ಲಿ ಚೀಟಿ ಇಟ್ಟು ಬಾಗಿಲಿಗೆ ನೇತುಹಾಕತೊಡಗಿದೆ. ಪೊಂಗ್ ಅದರ ಫೋಟೋ ತೆಗೆದು ನನಗೆ ಕಳಿಸುತ್ತಿದ್ದ. ಕ್ಯಾಲ್ಕುಲಸ್‌ನಲ್ಲಿ ಲಿಮಿಟ್ ಅರ್ಥ ಆಗುತ್ತಿಲ್ಲ ಅಣ್ಣ, ಹತ್ತಿರ ಹತ್ತಿರ ಹೋಗುತ್ತದೆ, ಮುಟ್ಟುವುದಿಲ್ಲ, ಮುಟ್ಟದೇ ಇದ್ದದ್ದನ್ನು ಉತ್ತರ ಅಂತ ಯಾಕೆ ಬರೆಯಬೇಕು ಎಂದು ಕೇಳಿದ್ದೆ. ನನಗೂ ಅದು ನ್ಯಾಯವಾದ ಪ್ರಶ್ನೆ ಅನ್ನಿಸಿತು. ಪೊಂಗ್ ಒಂದು ಪುಟ ಉತ್ತರ ಬರೆದ, ಅದರಲ್ಲಿ ನನಗೆ ಓದಲಿಕ್ಕಾದದ್ದು ನಿನ್ನ ಹೆಸರು ಮಾತ್ರ. ಆಮೇಲಿನ ವಾರ ನೀನು, ಅಣ್ಣಾ ನಿಮ್ಮ ಕೈಬರಹ ವಾರಕ್ಕೊಂದು ಥರ ಇದೆಯಲ್ಲ ಎಂದು ಬರೆದೆ. ಇದಕ್ಕೇನು ಹೇಳುವುದು ಎಂದು ನಾವಿಬ್ಬರೂ ಫೋನಿನಲ್ಲಿ ಲೆಕ್ಕ ಹಾಕಿದೆವು. ಕೊನೆಗೆ ಪೊಂಗ್, "ಬಸ್ಸಲ್ಲಿ ಕೂತು ಬರೆದೆ ಅಂತ ಬರೀರಿ ಅಮ್ಮಾ" ಎಂದ.

ನಿನ್ನ ಅಣ್ಣನೂ ಗಣಿತದಲ್ಲಿ ಅಂಥ ಪ್ರಚಂಡನೇನೂ ಅಲ್ಲ. ಪ್ರೋಗ್ರಾಮಿಂಗ್ ಮಾತ್ರ ಇಷ್ಟ. ಮೊದಲ ತಿಂಗಳೇ ನನಗಾಗಿ ಒಂದು ಪ್ರೋಗ್ರಾಮ್ ಬರೆದಿದ್ದ. ಸೊಂಟದ ಅಳತೆ, ಉದ್ದ ಕೊಟ್ಟರೆ ಸ್ಕರ್ಟಿಗೆ ಎಷ್ಟು ಬಟ್ಟೆ ಬೇಕೆಂದು ಹೇಳುತ್ತದಂತೆ. ನನ್ನ ಅಳತೆ ಕೊಟ್ಟು ನೋಡಿದರೆ ಮೈನಸ್ ಎರಡು ಮೀಟರ್ ಎಂದಿತು. "ಅಂಥ ಗಿರಾಕಿ ಇದ್ರೆ ಕಳಿಸಪ್ಪಾ, ಬಟ್ಟೆ ಅವರೇ ಕೊಟ್ಟು ಹೋಗ್ತಾರೆ, ನಂಗೆ ಲಾಭ" ಎಂದೆ. "ನಕ್ಕೋ ನಕ್ಕೋ, ಸರಿಮಾಡಿ ತೋರಿಸ್ತೀನಿ" ಎಂದ. ಸರಿ ಮಾಡಿದನೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಅವನು ಹೇಗೆ ಹೋದ ಎಂಬುದನ್ನೂ ನೀನು ತಿಳಿದಿರಬೇಕು, ಇಲ್ಲದಿದ್ದರೆ ನಾನು ನಿನಗೆ ಮಾಡಿದ್ದು ಅರ್ಥವಾಗುವುದಿಲ್ಲ. ಮಳೆಗಾಲದ ಕೊನೆ. ಶನಿವಾರ ಫೋನ್ ಮಾಡಿ ಸಣ್ಣ ಜ್ವರ, ಕಣ್ಣಿನ ಹಿಂದೆ ನೋವು ಎಂದ. ಆಸ್ಪತ್ರೆಗೆ ಹೋಗು ಎಂದೆ. "ಸೋಮವಾರ ಕ್ಯಾಲ್ಕುಲಸ್ ಇದೆ ಅಮ್ಮಾ. ಈಗ ಹೋದ್ರೆ ಅಲ್ಲೇ ಮಲಗಿಸಿಬಿಡ್ತಾರೆ. ಅದೊಂದು ಮುಗೀಲಿ" ಎಂದ. ನಾನು ಸರಿ, ಮಾತ್ರೆ ತಗೋ, ಬಿಸಿ ಗಂಜಿ ಕುಡಿ ಎಂದೆ. ಪರೀಕ್ಷೆ ಬಿಟ್ಟುಬಿಡು ಅನ್ನಲಿಲ್ಲ. ಯಾವ ತಾಯಿ ಅನ್ನುತ್ತಾಳೆ? ಡೆಂಗ್ಯೂ ಎಂದು ಯಾರಿಗೂ ಹೊಳೆಯಲಿಲ್ಲ. ಸೋಮವಾರ ಪೂರ್ತಿ ಮೂರು ಗಂಟೆ ಕೂತು ಬರೆದಿದ್ದಾನೆ. ಹಾಲಿನಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತವನು ಏಳಲಾಗದೆ ಪೊಂಗ್‌ಗೆ ಫೋನ್ ಮಾಡಿದನಂತೆ. ಗುರುವಾರ ನಾವು ಅವನನ್ನು ಊರಿಗೆ ತಂದೆವು.

ಫಲಿತಾಂಶ ಆಮೇಲೆ ಬಂತು. ಪೊಂಗ್ ಫೋನ್ ಮಾಡಿ, "ಅಮ್ಮಾ, ಖೆಮ್ ಪಾಸಾಗಿದಾನೆ, ಸಿ ಬಂದಿದೆ" ಎಂದು ಹೇಳಿ ಅತ್ತ. ನಾನು ಅಳಲಿಲ್ಲ. ನನಗೆ ಸಿಟ್ಟು ಬಂತು. ಆ ಸಿ ಯಾರಿಗೆ ಬೇಕಾಗಿತ್ತು? ಅದನ್ನು ನಾನು ಎಲ್ಲಿಡಲಿ?

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ನೀನು ಒಂದು ಚೀಟಿ ಇಟ್ಟೆ. ಕ್ಯಾಲ್ಕುಲಸ್ ಮಧ್ಯಾವಧಿ ಪರೀಕ್ಷೆ ತುಂಬಾ ಕೆಟ್ಟದಾಗಿ ಹೋಗಿದೆ, ವಿಷಯ ಕೈಬಿಡಲು ಇನ್ನೊಂದೇ ವಾರ ಇದೆ, ನಾನು ಕೈಬಿಡಲೇ ಅಣ್ಣ, ನೀವು ಹೇಳಿದ ಹಾಗೆ ಮಾಡುತ್ತೇನೆ ಎಂದು ಬರೆದಿದ್ದೆ. ಪೊಂಗ್ ತಕ್ಷಣ ಫೋನ್ ಮಾಡಿದ. "ಬಿಡಬೇಡ ಅಂತ ಬರೀತೀನಿ ಅಮ್ಮಾ. ಫೈನಲ್‌ಗೆ ನಾನೇ ಕೂತು ಹೇಳಿಕೊಡ್ತೀನಿ. ಹೆಂಗೋ ಡಿ ಬಂದ್ರೂ ಸಾಕು."

"ಬೇಡ. ಬಿಟ್ಟುಬಿಡು ಅಂತ ಬರಿ" ಎಂದೆ.

"ಅಮ್ಮಾ, ನಿಮಗೆ ಗೊತ್ತಾಗಲ್ಲ ಇದು."

"ನಂಗೆ ಗೊತ್ತಾಗೋದು ನಿಂಗೆ ಗೊತ್ತಾಗಲ್ಲ, ಬರಿಯೋ."

ಅವನು ಬರೆಯಲಿಲ್ಲ. ನಾನೇ ಬರೆದೆ. ಎಲೆಕಡುಬಿನ ಮೇಲೆ ಇಟ್ಟು ಚೀಲದ ಬಾಯಿ ಹೊಲಿದು ಕಳಿಸಿದೆ. ಬಿಟ್ಟುಬಿಡು. ಹೊಟ್ಟೆ ತುಂಬ ತಿನ್ನು, ಮಲಗು, ಅದು ಎಲ್ಲೂ ಹೋಗುವುದಿಲ್ಲ, ಇಂತಿ ನಿನ್ನ ಅಣ್ಣ. ಅವನ ಪರವಾಗಿ ಆ ಸಹಿ ಹಾಕಿದವಳೂ ನಾನೇ.

ನೀನು ಕೈಬಿಟ್ಟೆ. ಪೊಂಗ್ ಆಮೇಲೆ ನನಗೆ ಬಿಡಿಸಿ ಹೇಳಿದ. ನಾನು ತಟ್ಟೆಯಲ್ಲಿ ಒಂದು ಪಲ್ಯ ಬಿಟ್ಟ ಹಾಗೆ ಎಂದುಕೊಂಡಿದ್ದೆ. ಹಾಗಲ್ಲವಂತೆ. ಮೊದಲ ಕ್ಯಾಲ್ಕುಲಸ್ ಇಲ್ಲದೆ ಎರಡನೆಯದು ಕೊಡುವುದಿಲ್ಲ, ಅದಿಲ್ಲದೆ ಸರ್ಕ್ಯೂಟ್ ಇಲ್ಲ, ಅದಿಲ್ಲದೆ ಮುಂದಿನ ವರ್ಷದ್ದು ಒಂದೂ ಇಲ್ಲ. ಜೊತೆಯವರೆಲ್ಲ ಮುಂದೆ ಹೋಗುತ್ತಾರೆ, ನೀನು ಇಡೀ ಒಂದು ವರ್ಷ ಹಿಂದೆ ಉಳಿಯುತ್ತೀಯ. "ನಾನು ಹೇಳಿಕೊಟ್ಟಿದ್ರೆ ಪಾಸಾಗ್ತಿದ್ಲು ಅಮ್ಮಾ" ಎಂದ. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು. ನಿನ್ನ ಅಪ್ಪ ಶಾಲೆಯಲ್ಲಿ ಗಣಿತದ ಮೇಷ್ಟ್ರು ಎಂಬುದನ್ನೂ ಅವನೇ ಹೇಳಿದ. ಅವರ ಮುಂದೆ ನೀನು ಹೇಗೆ ನಿಂತೆಯೋ.

ರಿನ್, ನಿನಗೆ ಜ್ವರವಿರಲಿಲ್ಲ. ನನ್ನ ಮಗನಿಗೆ ಹೇಳಬೇಕಾಗಿದ್ದ ಮಾತನ್ನು ನಾನು ನಿನಗೆ ಹೇಳಿದೆ. ಅವನಿಗೆ ಹೇಳಲು ತಡವಾಗಿತ್ತು, ಹೇಳಲೇಬೇಕು ಅನ್ನಿಸುತ್ತಿತ್ತು, ನೀನು ಕೇಳಿದೆ, ನಾನು ಹೇಳಿಬಿಟ್ಟೆ. ಆ ಚೀಟಿ ನಿನ್ನ ಬಾಗಿಲಿಗೆ ಬರಬಾರದಿತ್ತು. ಒಂದು ವರ್ಷ ನಿನ್ನಿಂದ ಕಿತ್ತುಕೊಂಡೆ, ಅದೂ ಸತ್ತ ಮಗನ ಕೈಯಲ್ಲಿ. ಕ್ಷಮಿಸು ಎಂದು ಬರೆದರೆ ಬರೀ ಶಾಸ್ತ್ರಕ್ಕೆ ಬರೆದ ಹಾಗಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಕ್ಷಮಿಸು.

ಈ ಶನಿವಾರ ದಾರ ಕಟ್ಟುವ ದಿನ. ಎಲ್ಲರ ಅಣ್ಣ ಅಕ್ಕಂದಿರೂ ಎದ್ದು ಬರುತ್ತಾರೆ. ನೀನು ಬಲಗಡೆ ಬೈತಲೆಯ, ಕೊತ್ತಂಬರಿ ತಿನ್ನದ ಹುಡುಗನಿಗಾಗಿ ಕಾಯುತ್ತ ನಿಲ್ಲಬಾರದು ಎಂದೇ ಇಷ್ಟು ಬರೆದೆ. ಅವನು ಬರುವುದಿಲ್ಲ. ನಲವತ್ತಾರರ ನಿಚಾ ಇದ್ದಾಳೆ, ಎರಡನೇ ವರ್ಷದವಳು, ಕ್ಯಾಲ್ಕುಲಸ್‌ನಲ್ಲಿ ಎ ತೆಗೆದವಳಂತೆ, ಕ್ಯಾಂಟೀನಿನಲ್ಲಿ ಕೂತು ಕಿರಿಯರಿಗೆ ಹೇಳಿಕೊಡುತ್ತಾಳಂತೆ. ಅವಳ ಹತ್ತಿರ ಹೋಗು. ಅವಳು ಕಟ್ಟುವ ದಾರ ಕಟ್ಟಿಸಿಕೋ. ನಿನಗೆ ಬೇಕಾಗಿರುವುದು ಲಿಮಿಟ್ ಹೇಳಿಕೊಡುವ ಅಕ್ಕ, ಬಾಳೆಹಣ್ಣು ಒಣಗಿಸುವ ಮುದುಕಿ ಅಲ್ಲ. ಸಾಲಿನಲ್ಲಿ ನನ್ನ ಮಗನನ್ನು ಬಿಟ್ಟು ಹೋಗಬೇಡಿ ಎಂದು ಜೂನ್‌ನಲ್ಲಿ ಹಟ ಹಿಡಿದವಳು ನಾನೇ. ಈಗ ನಾನೇ ಹೇಳುತ್ತಿದ್ದೇನೆ, ಬಿಟ್ಟು ಮುಂದೆ ಹೋಗು. ಇದನ್ನು ಬರೆಯುವುದು ಎಷ್ಟು ಕಷ್ಟ ಎಂದು ನಿನಗೆ ಹೇಳುವುದಿಲ್ಲ.

ನಾನು ಶನಿವಾರ ಬರುವುದಿಲ್ಲ. ಮಗನನ್ನು ಕಳೆದುಕೊಂಡವಳು ಬಾಗಿಲಲ್ಲಿ ನಿಂತರೆ ಮಕ್ಕಳ ನಗು ನಿಲ್ಲುತ್ತದೆ.

ಇನ್ನು ಚೀಲ ಬರದಿದ್ದರೆ ಹುಡುಕಬೇಡ.

ಇಂತಿ,
ನಲವತ್ತೇಳರ ಅಣ್ಣನ ತಾಯಿ
ಬುವಾಲೈ

ಮರೆತಿದ್ದೆ: ಪೊಂಗ್ ದಾರಿಯಲ್ಲಿ ತೆರೆದು ಓದಬಾರದು ಎಂದು ಲಕೋಟೆಯ ಬಾಯಿ ಹೊಲಿದಿದ್ದೇನೆ. ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಕತ್ತರಿ ಹಾಕಬೇಡ.


ಖೊನ್ ಕೇನ್
ಸೆಪ್ಟೆಂಬರ್ ೨೩, ಮಂಗಳವಾರ

ಅಮ್ಮ,

ಹೀಗೆ ಕರೆಯಬಹುದೇ ಎಂದು ಕೇಳಿ, ಉತ್ತರಕ್ಕೆ ಕಾದು, ಆಮೇಲೆ ಬರೆಯೋಣವೆಂದುಕೊಂಡೆ. ಅಷ್ಟು ತಾಳ್ಮೆ ಇರಲಿಲ್ಲ.

ನಿಮ್ಮ ಕಾಗದ ಗುರುವಾರ ಸಂಜೆ ಬಂತು. ಈ ಸಲ ಪೊಂಗ್ ಅಣ್ಣ ನೇತುಹಾಕಿ ಓಡಲಿಲ್ಲ, ಬಾಗಿಲು ತಟ್ಟಿ ಕೈಗೇ ಕೊಟ್ಟರು. ನಾನು ಹೊಲಿಗೆಯ ತುದಿ ಹುಡುಕುತ್ತ ಕೂತಿದ್ದರೆ ಕಾರಿಡಾರಿನಲ್ಲೇ ನಿಂತು, "ಏನ್ ಬಾಂಬ್ ಇಟ್ಟಿದಾರೆ ಅಮ್ಮ ಅದರಲ್ಲಿ?" ಎಂದು ಕೇಳಿದರು. ನಾನು ಎರಡನೇ ಸಾಲಿಗೆ ಬರುವಷ್ಟರಲ್ಲಿ ಅವರಿಗೆ ನನ್ನ ಮುಖ ನೋಡಲಾಗಲಿಲ್ಲ, ಕೆಳಗೆ ಹೋಗಿ ಸೈಕಲ್ ಸ್ಟ್ಯಾಂಡಿನಲ್ಲಿ ಕೂತರು. ನಾನು ಓದಿ ಮುಗಿಸಿ ಇಳಿದಾಗಲೂ ಅಲ್ಲೇ ಇದ್ದರು.

ನನಗೆ ಖೆಮ್ ಅಣ್ಣ ಇಲ್ಲವೆಂದು ಗೊತ್ತಿರಲಿಲ್ಲ. ಆದರೆ ಕಾಲೇಜಿನಲ್ಲಿ ಇಲ್ಲವೆಂದು ಗೊತ್ತಿತ್ತು. ಪ್ರೋಗ್ರಾಮಿಂಗ್ ಲ್ಯಾಬಿನ ಕಂಪ್ಯೂಟರಿನಲ್ಲಿ ಹಿಂದಿನ ವರ್ಷದವರು ಮಾಡಿದ ಅಭ್ಯಾಸಗಳನ್ನು ಹಾಗೇ ಇಟ್ಟಿರುತ್ತಾರೆ, ನಂಬರಿನ ಪ್ರಕಾರ. ಎಲ್ಲರೂ ಮೊದಲ ವಾರವೇ ತಮ್ಮ ನಂಬರಿನ ಅಣ್ಣ ಅಕ್ಕಂದಿರದನ್ನು ಕದ್ದು ನೋಡುತ್ತಾರೆ. ನಾನೂ ನೋಡಿದೆ. ಕಳೆದ ವರ್ಷದ ನಲವತ್ತೇಳರದು ಅಕ್ಟೋಬರಿಗೆ ನಿಂತುಹೋಗಿತ್ತು. ನಲವತ್ತಾರರದು, ನಲವತ್ತೆಂಟರದು ಮುಂದಿನ ಟರ್ಮಿಗೂ ಹೋಗಿದ್ದವು. ಎರಡನೇ ವರ್ಷದವರನ್ನು ಕೇಳಿದರೆ ಮಾತು ತಿರುಗಿಸಿ ಕ್ಯಾಂಟೀನಿಗೆ ಹೋಗೋಣ ಬಾ ಅನ್ನುತ್ತಿದ್ದರು. ನಾನು ತಿಳಿದದ್ದೇನೆಂದರೆ, ನನ್ನ ಅಣ್ಣ ಓದು ಬಿಟ್ಟು ಊರಿಗೆ ಹೋಗಿದ್ದಾರೆ, ಇವರಿಗೆ ಅದನ್ನು ಹೇಳಲು ಮುಜುಗರ. ಅಲ್ಲಿ ಬಾಳೆಹಣ್ಣು ಒಣಗಿಸುತ್ತ, ನಾಯಿ ಓಡಿಸುವ ಹಾಗೆ ಹಾಡುತ್ತ ಹಾಯಾಗಿದ್ದಾರೆ. ನಿಮ್ಮ ಚೀಟಿಗಳನ್ನು ಓದಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ ಅಮ್ಮ. ಅಷ್ಟು ಖುಷಿಯಾಗಿದ್ದವು.

ಕೈಬಿಡಲೇ ಎಂದು ಅವರನ್ನೇ ಕೇಳಿದ್ದು ಅದಕ್ಕೆ. ಬಿಟ್ಟು ಹೋದವರು ಬದುಕಿರುತ್ತಾರೆ ಎನ್ನುವುದಕ್ಕೆ ನನಗೆ ಗೊತ್ತಿದ್ದದ್ದು ಅವರೊಬ್ಬರೇ.

ಸ್ಕರ್ಟಿನ ಪ್ರೋಗ್ರಾಮ್ ಅಲ್ಲೇ ಇದೆ. ನಿಮ್ಮ ಕಾಗದ ಓದಿದ ಮೇಲೆ ಮತ್ತೆ ತೆಗೆದು ನೋಡಿದೆ. ಯಾವ ಅಳತೆ ಕೊಟ್ಟರೂ ಈಗಲೂ ಮೈನಸ್ಸೇ ಬರುತ್ತದೆ. ಕೂಡಿಸಬೇಕಾದಲ್ಲಿ ಕಳೆದಿದ್ದಾರೆ, ಒಂದೇ ಒಂದು ಚಿಹ್ನೆ. ನಾನು ಅದನ್ನು ಮುಟ್ಟಲಿಲ್ಲ.

ಶನಿವಾರದ್ದು ಹೇಳುತ್ತೇನೆ. ಸಭಾಂಗಣದಲ್ಲಿ ನಂಬರಿನ ಪ್ರಕಾರ ನಿಲ್ಲಿಸಿದ್ದರು. ಒಂದೊಂದೇ ಜೋಡಿ ಕರೆಯುತ್ತಿದ್ದರು, ಕಿರುಚಾಟ, ಅಪ್ಪಿಕೊಳ್ಳುವುದು, ನೀನಾ ನೀನಾ ಎಂದು ಬೆನ್ನಿಗೆ ಗುದ್ದುವುದು ಎಲ್ಲ ನಡೆದಿತ್ತು. ನಲವತ್ತಾರು ಬಂದಾಗ ಕರೆಯುತ್ತಿದ್ದ ಹುಡುಗ ಸ್ವಲ್ಪ ತಡವರಿಸಿ, "ನಲವತ್ತಾರು, ಮತ್ತೆ... ನೀನೂ ಬಾಮ್ಮ, ಇಬ್ರೂ ನಿಚಾ ಹತ್ರ ಬನ್ನಿ" ಎಂದ. ನಲವತ್ತೇಳು ಎಂಬ ಮಾತೇ ಅವನ ಬಾಯಲ್ಲಿ ಬರಲಿಲ್ಲ. ಆಮೇಲೆ ನಲವತ್ತೆಂಟು ಎಂದ. ನೀವು ಹೆದರಿದ್ದ ಹಾಗೇ ಆಯಿತು. ಇದನ್ನು ನಿಮ್ಮಿಂದ ಮುಚ್ಚಿಡಬೇಕೆಂದಿದ್ದೆ, ಆಗಲಿಲ್ಲ.

ನೀವು ಹೇಳಿದಿರಿ ಎಂದು ಹೋದೆ. ನಿಚಾ ಅಕ್ಕ ಒಳ್ಳೆಯವರು. ಎಡಗೈಗೆ ದಾರ ಕಟ್ಟಿ ಎರಡೂ ಕೈಯಿಂದ ಸವರಿ, ಜ್ವರಜಾಡ್ಯ ಬರದಿರಲಿ, ಓದು ತಲೆಗೆ ಹತ್ತಲಿ ಎಂದರು. ಬಲಗೈ ಕೊಡು ಎಂದಾಗ ನಾನು ಕೊಡಲಿಲ್ಲ. "ಇದು ಬೇಡ ಅಕ್ಕ, ಇದಕ್ಕೆ ಕಟ್ಟೋರು ಬೇರೆ ಇದಾರೆ" ಎಂದೆ. ಅವರು ಖೆಮ್ ಅಣ್ಣನ ತರಗತಿಯವರು ತಾನೇ. ಅರ್ಥವಾಯಿತು. ಉಳಿದ ದಾರವನ್ನು ಸುತ್ತಿ ನನ್ನ ಅಂಗಿಯ ಜೇಬಿಗೆ ಹಾಕಿದರು. ಪೊಂಗ್ ಅಣ್ಣ ಗೋಡೆ ಕಡೆ ತಿರುಗಿ, ಬೆಂಕಿ ಆರಿಸುವ ಸಿಲಿಂಡರ್ ಬಳಸುವ ವಿಧಾನವನ್ನು ಬಹಳ ಹೊತ್ತು ಓದಿದರು.

ಅಕ್ಟೋಬರಿನಲ್ಲಿ ಖೆಮ್ ಅಣ್ಣನ ವರ್ಷದ ಪುಣ್ಯಕಾರ್ಯಕ್ಕೆ ಪೊಂಗ್ ಅಣ್ಣನ ಜೊತೆ ನಾನೂ ಬರುತ್ತೇನೆ. ನೀವು ಬೇಡ ಅಂದರೂ ಬರುತ್ತೇನೆ, ದಾರ ನಾನೇ ತರುತ್ತೇನೆ. ನಿಮ್ಮ ಕೈಯಲ್ಲಿ ಕಟ್ಟಿಸಿಕೊಂಡರೆ ಅಪಶಕುನ ಎಂದು ಯಾರಾದರೂ ಅಂದರೆ ನನಗೆ ಕೇಳಿಸುವುದಿಲ್ಲ. ನೀವೂ ಹಾಗೆ ಅನ್ನಬೇಡಿ.

ನನ್ನ ವರ್ಷದ ಬಗ್ಗೆ ಚಿಂತೆ ಮಾಡಬೇಡಿ. ಬರುವ ಜೂನಿನಲ್ಲಿ ಮತ್ತೆ ಕ್ಯಾಲ್ಕುಲಸ್ ತೆಗೆದುಕೊಳ್ಳುತ್ತೇನೆ. ಆಗ ಹೊಸ ನಲವತ್ತೇಳು ಬಂದಿರುತ್ತದೆ, ನನ್ನ ಪಕ್ಕದ ಬೆಂಚಿನಲ್ಲೇ ಕೂತು ಅದೇ ಲಿಮಿಟ್ ಬರೆಯುತ್ತಿರುತ್ತದೆ. ಎಷ್ಟು ಸುಳಿವು ಬಚ್ಚಿಟ್ಟರೂ ಎರಡು ದಿನದಲ್ಲಿ ನನ್ನನ್ನು ಹಿಡಿದುಹಾಕುತ್ತದೆ. ಅದಕ್ಕೆ ಖೆಮ್ ಅಣ್ಣನ ಹೆಸರು ಮೊದಲ ದಿನವೇ ಹೇಳುತ್ತೇನೆ. ತಿಂಡಿಯ ಉಸ್ತುವಾರಿ ನಿಮ್ಮದು, ನನಗೆ ಎಲೆ ಮಡಚಲು ಬರುವುದಿಲ್ಲ.

ಅಪ್ಪನಿಗೆ ಹೇಳಿದೆ. ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಬೆಳಿಗ್ಗೆ ಏನ್ ತಿಂದೆ?" ಎಂದರು. ಅವರು ಅದನ್ನು ಹಿಂದೆ ಎಂದೂ ಕೇಳಿರಲಿಲ್ಲ.

ಖೆಮ್ ಅಣ್ಣನ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ನಲವತ್ತೇಳರ ಹುಡುಗಿ
ರಿನ್‌ರದಾ

ಇನ್ನೊಂದು ಮಾತು: ಮೇಲೆ ಬರೆಯಲಿಕ್ಕಾಗಲಿಲ್ಲ, ಇಲ್ಲಿ ಬರೆಯುತ್ತೇನೆ. ಆ ಚೀಟಿ ನನ್ನ ಬಾಗಿಲಿಗೆ ಬರಬಾರದಿತ್ತು ಎಂದಿದ್ದೀರಿ. ಅದು ಬಂದ ದಿನ ಬೆಳಿಗ್ಗೆ ನಾನು ನನ್ನ ಸಾಮಾನನ್ನೆಲ್ಲ ಹಾಸ್ಟೆಲಿನವರಿಗೆ ಹಂಚಿಬಿಟ್ಟಿದ್ದೆ. ಪುಸ್ತಕ, ಹೊದಿಕೆ, ಕ್ಯಾಲ್ಕುಲೇಟರ್, ಎಲ್ಲ. ಊರಿಗೆ ಹೋಗುತ್ತೇನೆ ಎಂದು ಹೇಳಿದ್ದೆ. ಊರಿಗೆ ಹೋಗುವ ಯೋಚನೆ ಇರಲಿಲ್ಲ, ಇನ್ನು ಎಲ್ಲಿಯೂ ಏನೂ ಬೇಕಾಗುವುದಿಲ್ಲ ಎಂದುಕೊಂಡಿದ್ದೆ. ಅದಕ್ಕೂ ಮೊದಲು ಎಷ್ಟೋ ದಿನದಿಂದ ಎಲ್ಲರೂ ಬಿಡಬೇಡ ಬಿಡಬೇಡ ಎಂದೇ ಹೇಳಿದ್ದರು. ಸಂಜೆ ಬಾಗಿಲು ತೆರೆದರೆ ನಿಮ್ಮ ಚೀಲ. ಕಡುಬು ಇನ್ನೂ ಸ್ವಲ್ಪ ಬೆಚ್ಚಗಿತ್ತು. ನಿಂತುಕೊಂಡೇ ನಾಲ್ಕೂ ತಿಂದೆ, ಹೊದಿಕೆ ಇಲ್ಲದೆ ಮಲಗಿದೆ, ಮಾರನೆಯ ದಿನ ಮಧ್ಯಾಹ್ನ ಎದ್ದೆ. ಎದ್ದು ಒಂದೊಂದು ಕೋಣೆಗೂ ಹೋಗಿ ನನ್ನ ಸಾಮಾನು ವಾಪಸ್ ಕೇಳಿದೆ. ತುಂಬ ನಾಚಿಕೆಯಾಯಿತು. ಎಲ್ಲರೂ ಕೊಟ್ಟರು, ನೀರು ಕಾಯಿಸುವ ಕೆಟಲ್ ತೆಗೆದುಕೊಂಡವಳು ಮಾತ್ರ ಇನ್ನೂ ಕೊಟ್ಟಿಲ್ಲ.